ಗೇಟಿನ ಮುಂದೆ ನಿಲ್ಲುವ ಲಾರಿ

ನಮ್ಮೂರಲ್ಲಿ ಹಳೇ ಗಾಡಿ ಕೊಳ್ಳುವವರು ಎಂಜಿನ್ ಹೇಗಿದೆ ಅಂತ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಚಾಳಿ ಏನು ಅಂತ. ಗಾಡಿ ಕೈ ಬದಲಾಯಿಸಿದರೂ ಹಳೇ ಯಜಮಾನನ ಚಾಳಿಯನ್ನು ಬಿಡುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಮಾತನ್ನು ಬೇರೆ ಕಡೆ ಮನುಷ್ಯರಿಗೆ ಮಾತ್ರ ಹೇಳುತ್ತಾರಂತೆ, ನಮ್ಮಲ್ಲಿ ಗಾಡಿಗಳಿಗೂ ಹೇಳುತ್ತೇವೆ. ನಮ್ಮ ಪೋಸ್ಟ್ ಮಾಸ್ತರರು ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಆದರೆ ಅವರು ಕೊಂಡ ಸ್ಕೂಟರು ದಿನಾ ಸಂಜೆ ಹೆಂಡದಂಗಡಿಯ ಮುಂದೆ ಹೋಗಿ ನಿಂತುಬಿಡುತ್ತದೆ. ಪಾಪ, ಅವರು ಒಳಗೆ ಹೋಗಿ ಒಂದು ತಟ್ಟೆ ಹುರಿಗಡಲೆ ತಿಂದು, ಸ್ಕೂಟರಿಗೆ ಸಮಾಧಾನವಾದ ಮೇಲೆ ಹೊರಡುತ್ತಾರೆ. ಅಂಗಡಿಯವನು ಅವರಿಗೆಂದೇ ಒಂದು ಚೊಂಬು ಮಜ್ಜಿಗೆ ತೆಗೆದಿಟ್ಟಿರುತ್ತಾನೆ. ಹೈಸ್ಕೂಲಿನ ಹೆಡ್ ಮೇಡಂ ಅವರ ಕಾರು ಶುಕ್ರವಾರ ಬಂದರೆ ಯಾರದೋ ಬೀಗರ ಮನೆಗೆ ಹೋಗುತ್ತದೆ. ಮೊದಮೊದಲು ಎರಡೂ ಕಡೆಯವರಿಗೆ ಮುಜುಗರವಾಗುತ್ತಿತ್ತು, ಈಗ ಆ ಮನೆಯ ಮಗುವಿಗೆ ಹೆಸರಿಟ್ಟವರೇ ಮೇಡಂ. ಹೀಗೆ ಊರು ಹೊಂದಿಕೊಂಡಿದೆ. ನನಗೆ ಮಾತ್ರ ಹೊಂದಿಕೊಳ್ಳುವ ಹಾಗಿರಲಿಲ್ಲ, ಯಾಕೆಂದರೆ ನನ್ನದು ಜೇನಿನ ಕಸುಬು.

ಜೇನು ಪೆಟ್ಟಿಗೆಗಳನ್ನು ಹೂವಿನ ಹಿಂದೆ ಸಾಗಿಸುತ್ತಿರಬೇಕು. ಒಂದು ಕಡೆ ಸೂರ್ಯಕಾಂತಿ ಮುಗಿಯುತ್ತಿದ್ದ ಹಾಗೆ ಕಣಿವೆಯ ಆಚೆ ಹೊಂಗೆ ಹೂ ಬಿಡುತ್ತದೆ. ಹುಳಗಳೆಲ್ಲ ಗೂಡು ಸೇರುವ ಮುಸ್ಸಂಜೆಗೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ಲಾರಿಗೆ ಹೇರಿ, ಬಿಸಿಲೇರುವುದರೊಳಗೆ ಹೊಂಗೆ ತೋಪಿನಲ್ಲಿ ಇಳಿಸಿ ಬಾಗಿಲು ತೆಗೆಯಬೇಕು. ಮಧ್ಯೆ ಲಾರಿ ಎಲ್ಲಾದರೂ ಹಟ ಮಾಡಿ ನಿಂತಿತು ಅನ್ನಿ, ಮುಚ್ಚಿದ ಪೆಟ್ಟಿಗೆಯೊಳಗೆ ಶಾಖ ಏರಿ, ಮೇಣ ಕರಗಿ, ಹುಳ ರಾಶಿರಾಶಿ ಸಾಯುತ್ತದೆ. ನನ್ನ ಹಳೇ ಲಾರಿಗೆ ಅಂಥ ಯಾವ ಚಾಳಿಯೂ ಇರಲಿಲ್ಲ, ಅದು ನಮ್ಮ ಅತ್ತೆಯವರು ಹೊಸದಾಗಿಯೇ ಕೊಂಡಿದ್ದು. ಈ ವರ್ಷ ಅದರ ಚಾಸಿ ಮುರಿಯಿತು, ಬೆಸುಗೆಯೂ ನಿಲ್ಲಲಿಲ್ಲ. ಹೊಲದಲ್ಲಿ ಸೂರ್ಯಕಾಂತಿ ಆಗಲೇ ತಲೆ ಬಗ್ಗಿಸಿತ್ತು. ಸಕ್ಕರೆ ಪಾಕ ಇಟ್ಟು ಹುಳಗಳನ್ನು ಸ್ವಲ್ಪ ದಿನ ಹಿಡಿದಿಡಬಹುದು, ಆದರೆ ಪಾಕ ಕುಡಿದು ಸಂಸಾರ ಬೆಳೆಯುವುದಿಲ್ಲ. ಹೊಂಗೆ ಉದುರುವುದರೊಳಗೆ ನನಗೊಂದು ಲಾರಿ ಬೇಕಿತ್ತು, ದಾರಿಯಲ್ಲಿ ನಿಲ್ಲದ ಲಾರಿ.

ಊರಾಚೆ ಹಳೇ ಲಾರಿ ಮಾರುವವರ ಒಂದು ಬೀದಿಯೇ ಇದೆ. ಅಲ್ಲಿ ಒಂದು ಕಟ್ಟಳೆ. ಕೊಳ್ಳುವವರು ಒಂದು ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ, ಕ್ಯಾಬಿನ್ನಿನಲ್ಲಿ ಕೈಕಟ್ಟಿ ಕೂರಬಹುದು. ಲಾರಿ ತನ್ನಷ್ಟಕ್ಕೆ ಏನು ಮಾಡುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಆಮೇಲೆ ವ್ಯಾಪಾರ. ಇದಕ್ಕೆ ಕೂತು ನೋಡುವುದು ಅನ್ನುತ್ತೇವೆ. ಬೇಡ ಅನ್ನುವ ಹಾಗಿಲ್ಲ. ಆದರೆ ಬೇಡ ಅನ್ನದೆಯೇ ತಪ್ಪಿಸುವ ವಿದ್ಯೆಯಲ್ಲಿ ಆ ಬೀದಿಯವರೆಲ್ಲ ಪಂಡಿತರು.

ಮೊದಲನೆಯವನು ಶೇಷಗಿರಿ. ನಾನು ಒಳಗೆ ಕಾಲಿಟ್ಟ ಕೂಡಲೇ ನನ್ನ ಬೆನ್ನ ಹಿಂದೆ ಇಣುಕಿದ.

“ಯಜಮಾನ್ರು ಬರ್ಲಿಲ್ವಾ ಅಮ್ಮ?”

“ಅವ್ರು ರವಿಕೆ ಹೊಲೀತಾ ಇದಾರೆ. ನೀವು ಲಾರಿ ತೋರ್ಸಿ.”

ಸುಳ್ಳಲ್ಲ. ನಮ್ಮ ಮನೆಯವರು ದರ್ಜಿ. ಒಂದು ಹುಳ ಕಚ್ಚಿದರೂ ಮುಖ ಬೋರಲು ಹಾಕಿದ ಕಡಾಯಿಯ ಹಾಗೆ ಊದಿಕೊಳ್ಳುತ್ತದೆ, ಹಾಗಾಗಿ ಜೇನು ನನ್ನ ಪಾಲು, ಮಿಷನ್ನು ಅವರ ಪಾಲು. ಶೇಷಗಿರಿ ತೋರಿಸಿದ ಲಾರಿಗೆ ಹಸಿರು ಬಣ್ಣ ಹೊಡೆದು ಇನ್ನೂ ಆರಿರಲಿಲ್ಲ, ನನ್ನ ಸೆರಗಿಗೂ ಸ್ವಲ್ಪ ಅಂಟಿತು.

“ಚಾಳಿ ಏನು?”

“ಚಾಳಿನಾ? ಈ ಲಾರಿಗಾ? ಅಮ್ಮಾ, ಇದು ಹಸು ಕಣಮ್ಮ, ಹಸು!”

“ಹಸುಗೂ ಚಾಳಿ ಇರುತ್ತೆ. ಒದೆಯುತ್ತೆ.”

ಮಾರನೇ ದಿನ ಹೋಗಿ ಕೂತೆ. ಲಾರಿ ಬಂಡೆಯ ಹಾಗೆ ನಿಂತಿತ್ತು. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು, ಒಂದು ಅಲುಗಾಟ ಇಲ್ಲ. ಶೇಷಗಿರಿ ಆಗಲೇ ಮೈಸೂರು ಪಾಕಿನ ಪೊಟ್ಟಣ ಹಿಡಿದು ನಗುತ್ತಾ ನಿಂತಿದ್ದ. ಇಷ್ಟೊಂದು ಸಾಧುವಾದ ಲಾರಿಯನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲವಾದ್ದರಿಂದ ಇಳಿದು ಪಕ್ಕದ ಪೆಟ್ಟಿಗೆ ತೆಗೆದು ನೋಡಿದೆ. ಬ್ಯಾಟರಿಯೇ ಇರಲಿಲ್ಲ. ಚಾರ್ಜಿಗೆ ಹೋಗಿದೆಯಂತೆ. ಮೈಸೂರು ಪಾಕು ಮಾತ್ರ ಚೆನ್ನಾಗಿತ್ತು.

ಎರಡನೆಯವನ ಹೆಸರು ವೆಂಕಟಾಚಲ. ಅವನ ಅಂಗಡಿಯಲ್ಲಿ ಮೆತ್ತನೆ ಕುರ್ಚಿ, ಮೇಲಿಂದ ಮೇಲೆ ಟೀ. ಅವನು ಕೂತು ನೋಡುವುದಕ್ಕೆ ತಕರಾರು ಮಾಡಲಿಲ್ಲ, “ಧಾರಾಳವಾಗಿ ಕೂತ್ಕಳಿ ರುದ್ರಾಣಕ್ಕ, ಬುಧವಾರ ಬನ್ನಿ” ಅಂದ. ಅಕ್ಕ ಅಂದವನ ಮೇಲೆ ಅನುಮಾನ ಪಡಬಾರದು, ಆದರೂ ಬುಧವಾರವೇ ಯಾಕೆ ಅಂತ ತಲೆ ಕೊರೆಯಿತು. ಮಂಗಳವಾರವೇ ಹೋದೆ. ಲಾರಿ ಜಾಗದಲ್ಲಿರಲಿಲ್ಲ. ವೆಂಕಟಾಚಲನೂ ಇರಲಿಲ್ಲ. ಲಾರಿ ಪ್ರತಿ ಮಂಗಳವಾರದಂತೆ ದನದ ಸಂತೆಗೆ ಹೊರಟುಹೋಗಿತ್ತು, ಅದನ್ನು ಹಿಡಿದು ತರಲು ಅವನು ಪಂಚೆ ಎತ್ತಿಕಟ್ಟಿ ಹಿಂದೆ ಓಡಿದ್ದ. ಸಂತೆ ಮುಗಿಯುವ ತನಕ ಅದು ಅಲ್ಲಿಂದ ಕದಲುವುದಿಲ್ಲವಂತೆ.

ಮೂರನೆಯ ಅಂಗಡಿಯವರದು ಇನ್ನೊಂದು ಬಗೆ. ಅವರ ಹತ್ತಿರ ಇದ್ದದ್ದು ಚಾಳಿ ಬಿಡಿಸಿದ ಲಾರಿ. ಬಯಲಲ್ಲಿ ವಾರಗಟ್ಟಲೆ ಗಾಣದ ಎತ್ತಿನ ಹಾಗೆ ಸುತ್ತು ಹೊಡೆಸಿ ಹಳೆಯದೆಲ್ಲ ಮರೆಸಿಬಿಟ್ಟಿದ್ದರು. ನಾನೇ ಓಡಿಸಿ ನೋಡಿದೆ. ಚಾಳಿ ಹೋದದ್ದೇನೋ ನಿಜ. ಅದರ ಜೊತೆಗೆ ಉಳಿದದ್ದೂ ಹೋಗಿತ್ತು. ಏರು ಹತ್ತುತ್ತಾ ಅರ್ಧ ದಾರಿಯಲ್ಲಿ, ಅಡುಗೆಮನೆಗೆ ಬಂದು ಯಾಕೆ ಬಂದೆ ಅಂತ ಮರೆತವರ ಹಾಗೆ ನಿಂತಿತು. ಹಿಂದಕ್ಕೆ ಜಾರುತ್ತಿದ್ದರೂ ಅದಕ್ಕೇನೂ ಅನ್ನಿಸಿದಂತೆ ಕಾಣಲಿಲ್ಲ. ಕಲ್ಲು ಕೊಟ್ಟು ನಿಲ್ಲಿಸಿ, ಇಳಿದು ನಡೆದುಕೊಂಡೇ ಮನೆಗೆ ಬಂದೆ.

“ಬಾಡಿಗೆ ಲಾರಿ ನೋಡ್ಬಾರ್ದಾ?” ಅಂದರು ನಮ್ಮ ಮನೆಯವರು, ಸೂಜಿಗೆ ದಾರ ಪೋಣಿಸುತ್ತಾ.

“ಜೇನು ಅಂದ್ರೆ ಬಾಡಿಗೆಯೋರು ಫೋನೇ ಇಟ್ಬಿಡ್ತಾರೆ.”

“ಹಂಗಾರೆ ಈ ವರ್ಷ ಅರ್ಧ ಪೆಟ್ಟಿಗೆ ಹೋದ್ರೆ ಹೋಗ್ಲಿ ಬಿಡು. ಉಳಿದಷ್ಟು ಉಳೀಲಿ.”

“ನೀವು ಒಂದು ತೋಳು ಬಿಟ್ಟು ರವಿಕೆ ಹೊಲೀತೀರಾ?”

ಅವರು ಮಿಷನ್ನು ತುಳಿಯತೊಡಗಿದರು. ನನಗೆ ರಾತ್ರಿ ಊಟ ಸೇರಲಿಲ್ಲ. ಆ ದಿನ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು ನೋಡಿದ್ದೆ. ಹುಳಗಳು ತಮ್ಮ ಮರಿಗಳನ್ನೇ ಎಳೆದು ಹೊರಗೆ ಹಾಕುತ್ತಿದ್ದವು. ಮೇವು ಸಾಲದಾದಾಗ ಅವು ಹಾಗೆ ಮಾಡುತ್ತವೆ.

ಬೀದಿಯ ಕೊನೆಯಲ್ಲಿ ಗುರುಪಾದಪ್ಪನ ಅಂಗಡಿ. ಅಲ್ಲಿ ಇಟ್ಟಿಗೆ ಬಣ್ಣದ ಒಂದು ಲಾರಿ ನಿಂತಿತ್ತು. ಹೊಸ ಬಣ್ಣ ಇಲ್ಲ, ನಿಂಬೆಹಣ್ಣು ಮೆಣಸಿನಕಾಯಿ ಇಲ್ಲ, ತಗ್ಗಾದ ಕಡೆ ತಗ್ಗು ಹಾಗೆಯೇ ಇತ್ತು. ಓಡಿಸಿದೆ. ಗುಂಡಿಗೆ ಇಳಿದು ಎದ್ದದ್ದೇ ಗೊತ್ತಾಗಲಿಲ್ಲ. ಮೇಣದ ಎರಿ ತುಂಬಿದ ಪೆಟ್ಟಿಗೆಗಳಿಗೆ ಇಂಥ ಮೆತ್ತನೆ ಗಾಡಿಯೇ ಬೇಕು. ನನಗೆ ಅದರ ಮೇಲೆ ಆಸೆ ಹುಟ್ಟಿತು, ಅದನ್ನು ಮುಖದಲ್ಲಿ ತೋರಿಸಲಿಲ್ಲ.

“ಚಾಳಿ?”

“ಯಾರಿಗಿಲ್ಲ ಅಮ್ಮ? ನಿಮಗಿಲ್ವಾ? ನನಗಿಲ್ವಾ?” ಅಂತ ಗುರುಪಾದಪ್ಪ ಅಡ್ಡಗೋಡೆಯ ಮೇಲೆ ದೀಪ ಇಟ್ಟ. “ಕೂತು ನೋಡಿ ಬೇಕಾದ್ರೆ. ಸಂಜೆ ಬೇಗ ಬಾಗಿಲು ಹಾಕ್ತೀವಿ ಅಷ್ಟೆ.”

ಮಾರನೇ ದಿನ ಸಂಜೆ ಬಿಸಿಲಿರುವಾಗಲೇ ಅವನು ಬೀಗದ ಕೈ ಅಲ್ಲಾಡಿಸುತ್ತಾ ಬಂದ. “ನೋಡಿದ್ರಲ್ಲ, ತಂಟೆ ಇಲ್ಲ ತಕರಾರಿಲ್ಲ. ಇಳೀರಿ, ಅಡ್ವಾನ್ಸ್ ಬರ್ಕೊಳ್ಳೋಣ. ಇನ್ನೊಬ್ರು ಬೇರೆ ಕಾಯ್ತಾ ಇದಾರೆ.”

“ಸೂರ್ಯ ಇನ್ನೂ ಮುಳುಗಿಲ್ಲ.”

“ನಾನು ಬೀಗ ಹಾಕ್ಬೇಕಮ್ಮ.”

“ಹಾಕ್ಕೊಂಡು ಹೋಗಿ. ನಾನು ಒಳಗಿರ್ತೀನಿ.”

ಅವನು ಬೇಡಿಕೊಂಡ, ಗದರಿಸಿದ, ಹೆಂಡತಿಗೆ ಹುಷಾರಿಲ್ಲ ಅಂದ. ನಾನು ಕೈಕಟ್ಟಿ ಕೂತೇ ಇದ್ದೆ. ಕೊನೆಗೆ ಅವನು ಒಂದು ನಿಟ್ಟುಸಿರು ಬಿಟ್ಟು, ತಾನೇ ಹೋಗಿ ಅಂಗಳದ ಸರಪಳಿ ಬಿಚ್ಚಿ, ತನ್ನ ಮೊಪೆಡ್ಡು ಹತ್ತಿ ತಯಾರಾದ. ಆಗಲೇ ನನಗೆ ಅರ್ಥವಾಗಬೇಕಿತ್ತು. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಲಾರಿಯ ಎಂಜಿನ್ನು ತಾನಾಗಿ ಎದ್ದಿತು. ಸ್ಟೇರಿಂಗ್ ತಿರುಗಿತು. ಯಾವ ಆತುರವೂ ಇಲ್ಲದೆ, ಕೆಲಸ ಮುಗಿಸಿ ಮನೆಗೆ ಹೋಗುವವರ ಹಾಗೆ ಅದು ನನ್ನನ್ನು ಕೂರಿಸಿಕೊಂಡು ಊರೊಳಗೆ ಹೊರಟಿತು. ಹಿಂದೆ ಗುರುಪಾದಪ್ಪನ ಮೊಪೆಡ್ಡು.

ಕೆರೆ ಕೋಡಿಯ ಹತ್ತಿರ ಒಂದು ಹೆಂಚಿನ ಮನೆ. ಮುಂದೆ ದೊಡ್ಡ ಕಬ್ಬಿಣದ ಗೇಟು. ಲಾರಿ ಅದರ ಮುಂದೆ ನಿಂತು ಎರಡು ಸಲ ಹಾರನ್ ಹೊಡೆಯಿತು. ಸ್ವಲ್ಪ ತಡೆದು ಮತ್ತೆ ಎರಡು ಸಲ. ಜಗಲಿಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಹಾರನ್ನು ಜೋರಾದಷ್ಟೂ ಅವಳು ಮೊರವನ್ನು ಜೋರಾಗಿ ಕುಟ್ಟಿದಳು.

“ಗಿರಿಯಣ್ಣನ ಹೆಂಡ್ತಿ, ಚೌಡಮ್ಮ,” ಅಂದ ಗುರುಪಾದಪ್ಪ ತಲೆ ತಗ್ಗಿಸಿ. “ಲಾರಿ ಗಿರಿಯಣ್ಣಂದು. ಹೋದ ವರ್ಷ ತೀರ್ಕೊಂಡ. ಮಾರಿದ ಲಾರಿ ವಾಪಸ್ ಬರ್ತಾನೇ ಇದೆ ಅಮ್ಮ. ಪಕ್ಕದೂರಿಂದನೂ ಬಂದಿದೆ.”

ನಾನು ಇಳಿದು ಗೇಟು ತೆಗೆಯಲು ಹೋದೆ. ಜಗಲಿಯಿಂದ ಮಾತು ಬಂತು.

“ನೀನು ತೆಗುದ್ರೆ ಅದು ಒಳೀಕ್ ಬರಾಕಿಲ್ಲ. ನಾನೇ ತೆಗೀಬೇಕು. ತೆಗುದ್ರೆ ಒಳೀಕ್ ಬಂದು ಬೆಳಗಾನ ಬಿದ್ಕೊಂತದೆ. ತೆಗೀದಿದ್ರೆ ಇಲ್ಲೇ ನಿಂತ್ಕೊಂಡು ಬೆಳಗಾನ ಬಡ್ಕಂತದೆ. ಯಾವ್ದಾದ್ರೂ ಆರ್ಸ್ಕೊ.”

“ಹಾಗಾದ್ರೆ ಯಾಕಮ್ಮ ತೆಗೀತಿಲ್ಲ? ನಿಮಗೂ ನಿದ್ದೆ ಬರುತ್ತೆ.”

ಚೌಡಮ್ಮ ಮೊರ ಕೆಳಗಿಟ್ಟಳು. “ಮದ್ವೆ ಆದಾಗಿಂದ ತೆಗುದೆ ಕಣವ್ವ. ಒಲೆ ಮ್ಯಾಲೆ ಎಸರು ಉಕ್ತಿದ್ರೂ ಬಿಟ್ಟು ಓಡ್ದೆ. ಜ್ವರ ಬಂದಾಗ ಗೋಡೆ ಹಿಡ್ಕಂಡು ಬಂದೆ. ಒಂದ್ ದಿನ, ಒಂದೇ ಒಂದ್ ದಿನ ಆ ಮನುಷ ಇಳ್ದು ತಾನೇ ತೆಗೀಲಿಲ್ಲ. ಈಗ ಸತ್ತ ಮ್ಯಾಲೂ ತೆಗಿ ಅಂದ್ರೆ? ಬಡ್ಕಳ್ಲಿ. ನನಗ್ ಈಗ ಹಾರನ್ ಕೇಳುದ್ರೇ ನಿದ್ದೆ ಬರಾದು.”

ನನಗೆ ಅವಳು ತುಂಬಾ ಹಿಡಿಸಿದಳು. ಆದರೆ ಲಾರಿಯೂ ಹಿಡಿಸಿತ್ತು. ಗೇಟು ತೆಗೆದರೂ ಕೆಟ್ಟಿತು, ತೆಗೆಯದಿದ್ದರೂ ಕೆಟ್ಟಿತು. ಹುಳ ಗೂಡು ಸೇರುವ ಹೊತ್ತು, ಈ ಲಾರಿ ಮನೆ ಸೇರುವ ಹೊತ್ತು, ಎರಡೂ ಒಂದೇ. ಬೇರೆ ಯಾರಾದರೂ ಆಗಿದ್ದರೆ ಗುರುಪಾದಪ್ಪನಿಗೆ ಎರಡು ಮಾತು ಬೈದು ಮನೆಗೆ ಹೋಗುತ್ತಿದ್ದರು. ಅವನೂ ಅದಕ್ಕೇ ಕಾಯುತ್ತಿದ್ದ. ನಾನು ಗೇಟಿನ ಈಚೆ ಕಲ್ಲಿನ ಮೇಲೆ ಕೂತು ಯೋಚಿಸಿದೆ. ಲಾರಿ ಬರುವುದು ಗೇಟಿಗಲ್ಲ, ಈ ಹೆಂಗಸಿಗೆ. ಇವಳು ಎಲ್ಲಿರುತ್ತಾಳೋ ಅಲ್ಲಿಗೆ ಅದಕ್ಕೆ ಮನೆ ಬಂದ ಹಾಗೆ. ಇವಳು ಲಾರಿಯ ಒಳಗೇ ಕೂತುಬಿಟ್ಟರೆ?

“ಚೌಡಮ್ಮಾರೆ, ಗೇಟು ತೆಗೀಬೇಡಿ,” ಅಂದೆ. “ನನ್ನ ಜೊತೆ ಬಂದು ಲಾರಿಯೊಳಗೆ ಕೂತ್ಕೊಳ್ಳಿ.”

“ಆ ಲಾರೀಲಾ?” ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಖುಷಿ ಇರಲಿಲ್ಲ. “ಹೆಂಗಸ್ರು ಹತ್ತುದ್ರೆ ಲೋಡು ಸಿಗಾಕಿಲ್ಲ ಅಂತಿದ್ದ. ಅದರ ಮೆಟ್ಲು ಎಷ್ಟೆತ್ತರ ಐತೆ ಅಂತ್ಲೇ ನಂಗ್ ಗೊತ್ತಿಲ್ಲ. ನಿನ್ ದಾರಿ ನೀ ನೋಡ್ಕೊ, ಹೋಗವ್ವ.”

ಹೋದೆ, ಮಾರನೇ ದಿನ ಮತ್ತೆ ಬಂದೆ. ಒಂದು ಬಾಟಲಿ ಜೇನುತುಪ್ಪ ತಂದಿದ್ದೆ, ಅವಳು ಅದನ್ನು ತೆಗೆದುಕೊಂಡು ನನ್ನನ್ನು ಕಳಿಸಿಬಿಟ್ಟಳು. ಅದರ ಮಾರನೇ ದಿನ ಪೆಟ್ಟಿಗೆಯ ಮುಂದೆ ಬಿದ್ದಿದ್ದ ಸತ್ತ ಮರಿಗಳನ್ನು ಎಲೆಯಲ್ಲಿ ಕಟ್ಟಿಕೊಂಡು ಹೋಗಿ ಅವಳ ಜಗಲಿಯ ಮೇಲೆ ಬಿಚ್ಚಿಟ್ಟೆ. ಬಿಳಿ ಅಕ್ಕಿಕಾಳಿನ ಹಾಗಿದ್ದವು. ಚೌಡಮ್ಮ ಒಂದನ್ನು ಬೆರಳಿಂದ ಹೊರಳಿಸಿದಳು.

“ಇವುನ್ನ ಯಾರು ಸಾಯ್ಸಿದ್ದು?”

“ಅವುಗಳ ಮನೆಯೋರೇ. ಉಣ್ಣೋಕಿಲ್ಲ ಅಂತ.”

“ಕಣಿವೆ ಆಚೆ ಉಣ್ಣೋಕೈತಾ?”

“ತೋಪು ತುಂಬ ಐತೆ.”

ಅವಳು ಎಲೆಯನ್ನು ಮಡಚಿ ನನ್ನ ಕೈಗಿಟ್ಟಳು. “ಕಿಟಕಿ ಪಕ್ಕ ನಂಗೆ,” ಅಂದಳು.

ಅವತ್ತೇ ಗುರುಪಾದಪ್ಪನ ಹತ್ತಿರ ವ್ಯಾಪಾರ ಮುಗಿಸಿದೆ. ಕೊಟ್ಟಷ್ಟು ತೆಗೆದುಕೊಂಡ, ಕೈ ತೊಳೆದುಕೊಂಡ. ಸಂಜೆ ಹೊಲದಲ್ಲಿ ಆಳುಗಳು ಪೆಟ್ಟಿಗೆಗಳನ್ನು ಹೇರಿದರು. ಚೌಡಮ್ಮ ಹೊಸ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿಯಲಿಲ್ಲ, ಏದುಸಿರು ಬಿಡುತ್ತಾ ತಾನೇ ಹತ್ತಿದಳು. ಕೊನೆಯ ಪೆಟ್ಟಿಗೆ ಏರುವಷ್ಟರಲ್ಲಿ ದೂರದ ಮನೆಗಳಲ್ಲಿ ದೀಪ ಹತ್ತಿತು, ಲಾರಿ ಮೈ ಅದುರಿಸಿತು. ಸ್ಟೇರಿಂಗ್ ನನ್ನ ಕೈಯಿಂದ ಊರ ಕಡೆಗೆ ಜಗ್ಗತೊಡಗಿತು. ನಾನು ಎರಡೂ ತೋಳು ಹಾಕಿ ಹಿಡಿದುಕೊಂಡೆ. ಹಾರನ್ನು ಹೊಡೆಯಿತು, ಎರಡು ಸಲ. ಮತ್ತೆ ಎರಡು ಸಲ. ಆಳುಗಳು ನನ್ನನ್ನೇ ನೋಡುತ್ತಿದ್ದರು. ಎಲ್ಲವೂ ಹೋಯಿತು ಅಂದುಕೊಂಡೆ.

“ನಾನಿಲ್ಲೇ ಕುಂತಿವ್ನಲ್ಲ,” ಅಂದಳು ಚೌಡಮ್ಮ, ಮುಂದಿನ ಗಾಜಿನ ಕಡೆ ನೋಡುತ್ತಾ. “ಯಾಕ್ ಬಡ್ಕಂತೀಯ?”

ಹಾರನ್ನು ಅರ್ಧಕ್ಕೆ ನಿಂತಿತು. ಸ್ಟೇರಿಂಗ್ ನನ್ನ ಕೈಯಲ್ಲಿ ಹಗುರಾಯಿತು. ಗೇರು ಹಾಕಿದೆ, ಲಾರಿ ಕಣಿವೆಯ ದಾರಿ ಹಿಡಿಯಿತು.

ರಾತ್ರಿಯಿಡೀ ಓಡಿಸಿದೆ. ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಕಣಿವೆಯ ಕೆಳಗೆ ಒಂದು ಸೇತುವೆಯ ಕೆಲಸ ನಡೆಯುತ್ತಿತ್ತು. ಅಲ್ಲಿ ನಮ್ಮನ್ನು ತಡೆದರು, ನಾನು ಜಗಳವಾಡಿ ಬಿಡಿಸಿಕೊಂಡೆ, ಆದರೂ ತಡವಾಯಿತು. ಆ ಬದಿಯ ಏರು ಹತ್ತಿ ಮೇಲೆ ಬಂದಾಗ ಬಿಸಿಲು ಬಿದ್ದಾಗಿತ್ತು. ಹಿಂದಿನಿಂದ ಬರುತ್ತಿದ್ದ ಹುಳಗಳ ಸದ್ದು ಬದಲಾಗಿತ್ತು. ತಂಪಿನಲ್ಲಿ ಅವು ಗುಂಯ್ ಅನ್ನುತ್ತವೆ, ಶಾಖ ಹತ್ತಿದರೆ ಮಳೆ ಬಂದ ಹಾಗೆ ಭೋರ್ ಅನ್ನುತ್ತವೆ. ಈಗ ಭೋರ್ ಅನ್ನುತ್ತಿದ್ದವು. ಎದುರಿಗೆ ಹೊಂಗೆ ತೋಪು, ನೆಲ ಕಾಣದಷ್ಟು ಹೂ ಉದುರಿದೆ, ಮರದಲ್ಲಿ ಅದಕ್ಕಿಂತ ಹೆಚ್ಚಿದೆ. ಮುಂದೆ ಬೇಲಿ. ಬೇಲಿಗೆ ಒಂದು ಗೇಟು, ಅದು ಮುಚ್ಚಿತ್ತು.

“ಬೇಗ ಇಳ್ದು ಗೇಟ್ ತೆಗೀರಿ!” ಅಂತ ಕೂಗಿದೆ.

ಎಂಜಿನ್ನು ತಟ್ಟನೆ ಸತ್ತುಹೋಯಿತು. ನಾನು ಮುಟ್ಟಿರಲಿಲ್ಲ. ಚೌಡಮ್ಮ ನನ್ನ ಕಡೆ ತಿರುಗಲಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಗೇಟನ್ನೇ ನೋಡುತ್ತಾ ಕೂತಳು. ಕಿಟಕಿ ಪಕ್ಕ ಕೂತವರು ಇಳಿದು ತೆಗೆಯುವುದು ಲಾರಿಯಲ್ಲಿ ರೂಢಿ, ನಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಅಂತ ಒಂದು ಮನಸ್ಸು ಅಂದಿತು. ಆ ಮನಸ್ಸಿನ ಮಾತು ಗಿರಿಯಣ್ಣನ ಮಾತಿನ ಹಾಗೇ ಕೇಳಿಸಿತು. ನನಗೆ ನಾಚಿಕೆಯಾಯಿತು. ಬಾಗಿಲು ತೆಗೆದು ಧುಮುಕಿ, ಓಡಿ ಹೋಗಿ ಗೇಟಿನ ಸರಪಳಿ ಬಿಡಿಸಿದೆ. ತುಕ್ಕು ಹಿಡಿದ ಗೇಟು, ಬೆನ್ನು ಕೊಟ್ಟು ನೂಕಿದೆ. ತಿರುಗಿ ಬಂದು ಕೂತು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು, ಓಡಿಸುವವರೇ ಇಳಿದು ಗೇಟು ತೆಗೆಯಲಿ ಅಂತಲೇ ಕಾದಿದ್ದ ಹಾಗೆ.

ಮೊದಲ ಪೆಟ್ಟಿಗೆಯನ್ನು ನೆರಳಲ್ಲಿ ಇಳಿಸಿ ಬಾಗಿಲು ತೆಗೆದೆ. ಯಾರೂ ಹೊರಗೆ ಬರಲಿಲ್ಲ. ಕಿವಿ ಇಟ್ಟೆ. ಆಮೇಲೆ ಒಂದು ಹುಳ ಅಂಚಿಗೆ ಬಂದು ಮೀಸೆ ಒರೆಸಿಕೊಂಡಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದ ಹಾಗೆ ಬಾಗಿಲ ತುಂಬ ಹುಳ, ಗಾಳಿಯ ತುಂಬ ಹುಳ. ನಾನು ಅಳುತ್ತಿದ್ದೆ, ಅಳುತ್ತಲೇ ಎರಡನೆಯದನ್ನು ಇಳಿಸಿದೆ. ಆಗ ನೆನಪಾಯಿತು, ಗೇಟು ಹಾಗೇ ತೆರೆದಿದೆ, ದನ ನುಗ್ಗಿದರೆ ಪೆಟ್ಟಿಗೆಗಳನ್ನೆಲ್ಲ ಕೆಡವುತ್ತವೆ. ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವ ಹಾಗೂ ಇರಲಿಲ್ಲ. ತಿರುಗಿ ನೋಡಿದೆ.

ಚೌಡಮ್ಮ ಯಾವಾಗಲೋ ಇಳಿದು ಅಲ್ಲಿಗೆ ಹೋಗಿದ್ದಳು. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟು ಎಳೆದು, ಸರಪಳಿ ಸುತ್ತಿ, ಬಿಗಿಯಾಗಿದೆಯೋ ಅಂತ ಒಂದು ಸಲ ಅಲ್ಲಾಡಿಸಿ ನೋಡಿದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಯಾವ ಹಾರನ್ನೂ ಹೊಡೆದಿರಲಿಲ್ಲ. ಕೈಗೆ ಅಂಟಿದ ತುಕ್ಕು ಒರೆಸಿಕೊಳ್ಳುತ್ತಾ ಹೂವಿನ ಮೇಲೆ ನಿಧಾನವಾಗಿ ನಡೆದು ಬಂದು ನನ್ನೆದುರು ನಿಂತಳು.

“ಏನ್ ನೋಡ್ತಾ ನಿಂತಿದೀಯ?” ಅಂದಳು. “ಮುಂದಿನ ಪೆಟ್ಟಿಗೆ ತೆಗಿ.”

ತೆಗೆದೆ.